ಅಗಲದ ಸಾಮ್ರಾಜ್ಯ, ಎತ್ತರದ ಸಂಸ್ಥಾನ

ಬಾಹ್ಯಾಕಾಶದ ತಂತ್ರಗಾರಿಕೆಯ ಆಟ ಶುರುವಾಗುವಾಗ ಎಲ್ಲರ ಕೈಯಲ್ಲೂ ಇರುವುದು ಒಂದೇ ಗ್ರಹ, ಒಂದೆರಡು ಹಡಗು, ಸುತ್ತ ಗುರುತು ಪರಿಚಯವಿಲ್ಲದ ಕತ್ತಲು. ಸ್ವಲ್ಪ ಹೊತ್ತಿಗೇ ಆಟಗಾರ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಸಿಕ್ಕ ಸಿಕ್ಕ ನಕ್ಷತ್ರಗಳಲ್ಲೆಲ್ಲ ಠಾಣೆ ಹಾಕುತ್ತ ಹೋಗಬೇಕೋ? ಇರುವ ಮೂರ್ನಾಲ್ಕು ಗ್ರಹಗಳಲ್ಲೇ ಪಟ್ಟಣ, ಕಾರ್ಖಾನೆ, ಪ್ರಯೋಗಾಲಯಗಳನ್ನು ಒತ್ತೊತ್ತಾಗಿ ಕಟ್ಟಿ, ಒಂದೊಂದು ಗ್ರಹವೂ ಹತ್ತಕ್ಕೆ ಸಮನಾಗುವಂತೆ ಬೆಳೆಸಬೇಕೋ? ಆಡುವವರ ಮಾತಿನಲ್ಲಿ ಮೊದಲನೆಯದು ‘ವೈಡ್’, ಎರಡನೆಯದು ‘ಟಾಲ್’. ಅಗಲಕ್ಕೆ ಹರಡುವುದು, ಎತ್ತರಕ್ಕೆ ಬೆಳೆಯುವುದು. ಯಾವುದು ಮೇಲು ಎಂಬ ವಾದ ಮೂರು ದಶಕಗಳಿಂದ ನಡೆದೇ ಇದೆ.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ಉತ್ತರ ಚೆನ್ನೈನ ರಾಯಪುರಂನಲ್ಲಿದೆ ಎಂದು ನಾನು ನಂಬಿದ್ದೇನೆ. ಅಲ್ಲಿಂದ ಹೊರಟ ರೈಲು ಹಳಿ ನಮ್ಮ ಬೆಂಗಳೂರಿಗೂ ರಾಯಚೂರಿಗೂ ಬಂದು ಮುಟ್ಟಿತು. ಹಾಗೆ ಬಂದದ್ದರಿಂದ ಮೈಸೂರು ಸಂಸ್ಥಾನದ ಕಥೆಯೂ ಇದರೊಳಗೇ ಸೇರಿಕೊಂಡಿದೆ. ಮೊದಲು ಆಟದ ಲೆಕ್ಕವನ್ನು ಸ್ವಲ್ಪ ನೋಡೋಣ.

1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಬಂದಾಗ ಅಮೆರಿಕದ ಬರಹಗಾರ ಅಲನ್ ಎಮ್ರಿಚ್ ಈ ಜಾತಿಯ ಆಟಗಳಿಗೆ ‘ಫೋರ್ ಎಕ್ಸ್’ ಎಂದು ಹೆಸರಿಟ್ಟರು. ಹುಡುಕು, ಹರಡು, ಸಂಪತ್ತು ತೆಗೆ, ಎದುರಾಳಿಯನ್ನು ಅಳಿಸು ಎಂಬ ನಾಲ್ಕು ಕೆಲಸಗಳು. ಹರಡುವುದು ಹೆಸರಿನಲ್ಲೇ ಇದೆ. ಹೆಚ್ಚು ಗ್ರಹ ಹಿಡಿದವನಿಗೆ ಹೆಚ್ಚು ಆದಾಯ, ಆ ಆದಾಯದಿಂದ ಇನ್ನಷ್ಟು ಗ್ರಹ. ಹೀಗಾದರೆ ಆಟದ ಮೊದಲ ಕಾಲುಭಾಗದಲ್ಲೇ ಗೆಲ್ಲುವವರು ಯಾರೆಂಬುದು ತಿಳಿದುಹೋಗಿ, ಮಿಕ್ಕ ಮುಕ್ಕಾಲು ಬರೀ ಕೂಲಿ ಕೆಲಸವಾಗುತ್ತದೆ. ಅದಕ್ಕಾಗಿ ಆಟ ಕಟ್ಟುವವರು ಹರಡುವುದಕ್ಕೆ ಬಗೆಬಗೆಯ ದಂಡ ಹಾಕತೊಡಗಿದರು. 1991ರ ಮೊದಲ ‘ಸಿವಿಲೈಸೇಶನ್’ ಆಟದಲ್ಲೇ ರಾಜಧಾನಿಯಿಂದ ದೂರವಾದಷ್ಟೂ ಊರಿನ ಆದಾಯ ಸೋರಿಹೋಗುತ್ತಿತ್ತು. 2005ರ ನಾಲ್ಕನೇ ಆವೃತ್ತಿಯಲ್ಲಿ ದೂರಕ್ಕೊಂದು ಖರ್ಚು, ಊರುಗಳ ಸಂಖ್ಯೆಗೊಂದು ಖರ್ಚು. 2012ರ ‘ಎಂಡ್‌ಲೆಸ್ ಸ್ಪೇಸ್’ನಲ್ಲಿ ಹೆಚ್ಚು ನಕ್ಷತ್ರ ಹಿಡಿದರೆ ಎಲ್ಲ ಕಡೆಯ ಜನರಿಗೂ ಅಸಮಾಧಾನ.

ಇವತ್ತು ಈ ವಾದ ಹೆಚ್ಚಾಗಿ ನಡೆಯುವುದು ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಸ್ಟೆಲ್ಲಾರಿಸ್’ ಸುತ್ತ. 2016ರ ಮೇ ತಿಂಗಳಲ್ಲಿ ಬಂದ ಈ ಆಟವನ್ನು ಅದರ ತಯಾರಕರು ಮತ್ತೆ ಮತ್ತೆ ಬಿಚ್ಚಿ ಕಟ್ಟಿದ್ದಾರೆ. ಬಿಚ್ಚಿದಾಗಲೆಲ್ಲ ಕೈಗೆ ಬಂದದ್ದು ಇದೇ ಗಂಟು. 2018ರ ಕೊನೆಯಲ್ಲಿ ‘ಆಡಳಿತ ಸಾಮರ್ಥ್ಯ’ ಎಂಬ ಮಿತಿ ತಂದರು. ಆಟಗಾರರು ಗುಮಾಸ್ತರನ್ನು ಹೆಚ್ಚಿಸಿಕೊಂಡು ಆ ಮಿತಿಯನ್ನೇ ಏರಿಸುತ್ತ ಹೋದರು. 2022ರಲ್ಲಿ ಅದನ್ನು ಕಿತ್ತುಹಾಕಿ ‘ಸಾಮ್ರಾಜ್ಯದ ಗಾತ್ರ’ ಎಂಬ ಒಂದೇ ಅಂಕ ಇಟ್ಟರು. ನಕ್ಷತ್ರ, ನೆಲೆ, ಜನಸಂಖ್ಯೆ ಎಲ್ಲವೂ ಆ ಅಂಕಕ್ಕೆ ಸೇರುತ್ತವೆ. 100 ದಾಟಿದ ಮೇಲೆ ಪ್ರತಿ ಅಂಕಕ್ಕೂ ಸಂಶೋಧನೆ ತುಸು ತುಸು ದುಬಾರಿ. ಗುಮಾಸ್ತರನ್ನು ತುಂಬಿಕೊಂಡು ಇದರಿಂದ ನುಣುಚಿಕೊಳ್ಳಲಾಗದು.

ಆಟವಾಗಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಇಲ್ಲಿ ದಂಡ ಬೀಳುವುದು ಎಣಿಕೆಯ ಮೇಲೆ. ರಾಜಧಾನಿಯ ಪಕ್ಕದ ಗ್ರಹಕ್ಕೂ ಬಾನಿನ ಆಚೆ ತುದಿಯ ಗ್ರಹಕ್ಕೂ ಗಾತ್ರದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇತಿಹಾಸದಲ್ಲಿ ಸಾಮ್ರಾಜ್ಯಗಳನ್ನು ಕಾಡಿದ್ದು ಎಣಿಕೆಯಲ್ಲ. ಸುದ್ದಿ ಎಷ್ಟು ದಿನಕ್ಕೆ ಮುಟ್ಟುತ್ತದೆ, ಧಾನ್ಯ ಯಾವ ದಾರಿಯಲ್ಲಿ ಸಾಗುತ್ತದೆ, ಆ ದಾರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳು ಅವನ್ನು ಕಾಡಿದವು. ಮದರಾಸಿನ ಕಥೆಯಲ್ಲಿ ಇದು ಹೆಜ್ಜೆಹೆಜ್ಜೆಗೂ ಕಾಣುತ್ತದೆ.

1639ರ ಆಗಸ್ಟ್‌ನಲ್ಲಿ ದಾಮರ್ಲ ವೆಂಕಟಾದ್ರಿ ನಾಯಕ ಈಸ್ಟ್ ಇಂಡಿಯಾ ಕಂಪನಿಗೆ ಕಡಲ ತೀರದ ಒಂದು ಮರಳು ಪಟ್ಟಿಯನ್ನು ಬಿಟ್ಟುಕೊಟ್ಟ. ಅವನು ಚಂದ್ರಗಿರಿಗೆ ಸರಿದಿದ್ದ ವಿಜಯನಗರದ ಅರವೀಡು ಅರಸರ ಅಧೀನ ನಾಯಕ. ತುಂಗಭದ್ರೆಯಿಂದ ಕನ್ಯಾಕುಮಾರಿಯ ಕಡೆಗೆ ಹರಡಿದ್ದ ಸಾಮ್ರಾಜ್ಯ 1565ರ ತಾಳಿಕೋಟೆ ಯುದ್ಧದ ನಂತರ ನಾಯಕರ ನಡುವೆ ಹರಿದು ಹಂಚಿಹೋಗುತ್ತಿದ್ದ ಕಾಲ ಅದು. ಅದಕ್ಕೂ ಮೊದಲು, 1610ರಲ್ಲಿ, ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದುಕೊಂಡಿದ್ದರು. ಮುಂದೆ ಎದುರುಬದುರಾಗಿ ನಿಂತ ಮೈಸೂರು, ಮದರಾಸು ಎರಡೂ ಒಂದೇ ಅಗಲದ ಸಾಮ್ರಾಜ್ಯದ ಚೂರುಗಳು. ಈ ಸಂಬಂಧವನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಕಂಪನಿ ಮದರಾಸಿನ ಆ ತೀರದಲ್ಲಿ ಸೇಂಟ್ ಜಾರ್ಜ್ ಕೋಟೆ ಕಟ್ಟಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಒಂದೇ ಗ್ರಹದ ಆಟಗಾರನಂತೆ ಉಳಿಯಿತು. ಕೋಟೆ, ಪಕ್ಕದಲ್ಲಿ ನೇಕಾರರು ಮತ್ತು ವರ್ತಕರ ಪೇಟೆ, ಸುತ್ತ ಕೆಲವು ಹಳ್ಳಿ. ಬಟ್ಟೆ ಕೊಂಡು ಹಡಗಿಗೆ ಹೇರುವುದೇ ಕಸುಬು. ಎತ್ತರದ ಆಟಕ್ಕೆ ಇರುವ ದೊಡ್ಡ ಅಪಾಯವೇನೆಂಬುದು 1746ರಲ್ಲಿ ಗೊತ್ತಾಯಿತು. ಫ್ರೆಂಚರ ಲಾ ಬೂರ್ದೊನೆ ಬಂದು ಮದರಾಸನ್ನು ಕೆಲವೇ ದಿನಗಳಲ್ಲಿ ಕಿತ್ತುಕೊಂಡ. ಇರುವುದೊಂದೇ ನೆಲೆಯಾದರೆ ಅದು ಹೋದಾಗ ಎಲ್ಲವೂ ಹೋದಂತೆ. 1749ರಲ್ಲಿ ಒಪ್ಪಂದದ ಮೂಲಕ ಊರು ಮರಳಿ ಕೈಗೆ ಬಂದ ಮೇಲೆ ಕಂಪನಿಯವರು ಕರ್ನಾಟಿಕ್‌ನ ರಾಜಕೀಯಕ್ಕೆ ಇಳಿದರು. ಅಗಲದ ಆಟ ಅಲ್ಲಿಂದ ಶುರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಲಂಡನ್ನಿನಲ್ಲಿದ್ದ ಮಾಲೀಕರಿಗೆ ಅಗಲದ ಆಟ ಬೇಕಿರಲಿಲ್ಲ. ಯುದ್ಧವೆಂದರೆ ಸಾಲ, ಲಾಭಾಂಶಕ್ಕೆ ಕತ್ತರಿ. 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪಿಟ್ಟನ ಕಾಯಿದೆಯಲ್ಲಿ, ಭಾರತದಲ್ಲಿ ರಾಜ್ಯ ಗೆದ್ದು ವಿಸ್ತರಿಸುವ ಯೋಜನೆಗಳು ತಮ್ಮ ದೇಶದ ಇಚ್ಛೆಗೂ ಮರ್ಯಾದೆಗೂ ವಿರುದ್ಧ ಎಂದೇ ಬರೆದಿಟ್ಟಿತು. ಆದರೆ ಹಾಯಿ ಹಡಗಿನಲ್ಲಿ ಹೋದ ಪತ್ರ ಮದರಾಸು ಮುಟ್ಟಲು ಐದಾರು ತಿಂಗಳು ಬೇಕು, ಉತ್ತರ ಬರಲು ಮತ್ತಷ್ಟೇ. ಅಷ್ಟರಲ್ಲಿ ಇಲ್ಲಿದ್ದವರು ಯುದ್ಧ ಮಾಡಿ, ಗೆದ್ದು, ಒಪ್ಪಂದಕ್ಕೆ ರುಜು ಹಾಕಿಸಿಕೊಂಡಿರುತ್ತಿದ್ದರು. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿ ಏಳು ವರ್ಷಗಳಲ್ಲಿ ಕಂಪನಿಯ ರಾಜ್ಯವನ್ನೂ ಅದರೊಂದಿಗೆ ಸಾಲವನ್ನೂ ಬೆಳೆಸಿದ. ಅವನನ್ನು ವಾಪಸು ಕರೆಸಿಕೊಳ್ಳುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿತ್ತು. ಬಾಹ್ಯಾಕಾಶದ ಆಟದಲ್ಲಿ ಈ ಪಾತ್ರವೇ ಇಲ್ಲ. ಆಟಗಾರ ಲಂಡನ್ನಿನಲ್ಲೂ ಇರುತ್ತಾನೆ, ಮದರಾಸಿನಲ್ಲೂ ಇರುತ್ತಾನೆ. ನೂರು ಜ್ಯೋತಿರ್ವರ್ಷ ಆಚೆಯ ಗ್ರಹಕ್ಕೂ ಅವನ ಆಜ್ಞೆ ಒತ್ತಿದ ಕ್ಷಣಕ್ಕೇ ಮುಟ್ಟುತ್ತದೆ. ಹರಡಿದವನ ನಿಜವಾದ ಕಷ್ಟವಾದ ‘ನನ್ನ ಹೆಸರಿನಲ್ಲಿ ಅಲ್ಲಿ ಯಾರು ಏನು ಮಾಡುತ್ತಿದ್ದಾರೆ’ ಎಂಬ ಕಷ್ಟ ಅವನಿಗೆ ಗೊತ್ತೇ ಆಗುವುದಿಲ್ಲ.

ಮೈಸೂರಿನ ಕಡೆಯಿಂದಲೂ ಅದೇ ಕಾಲದಲ್ಲಿ ಅಗಲದ ಆಟವೇ ನಡೆದಿತ್ತು. ಹೈದರ್ ಅಲಿ 1769ರಲ್ಲಿ ಕುದುರೆ ಪಡೆಯೊಂದಿಗೆ ಮದರಾಸಿನ ಬಾಗಿಲಿಗೇ ಬಂದು ತಾನು ಹೇಳಿದಂತೆ ಒಪ್ಪಂದ ಬರೆಸಿಕೊಂಡ. ವೇಗವೇ ಅವನ ಬಲ. 1780ರಲ್ಲಿ ಮತ್ತೆ ಬಂದಾಗ ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಕಂಪನಿಯ ಪಡೆ ನೆಲಕಚ್ಚಿತು. ಆ ಯುದ್ಧದಲ್ಲಿ ಹಳ್ಳಿಗಳು ಸುಟ್ಟವು, ಬೆಳೆ ಹಾಳಾಯಿತು, ಜನ ಊರು ಬಿಟ್ಟು ಮದರಾಸಿಗೆ ಓಡಿಬಂದರು. 1782ರಲ್ಲಿ ಹಸಿದವರಿಗೆ ಗಂಜಿ ಕೊಡಲು ಆರಂಭವಾದ ಮೊಣಿಗಾರ್ ಛತ್ರ ರಾಯಪುರಂ ಭಾಗದಲ್ಲಿತ್ತು. ಈಗಿನ ಸ್ಟ್ಯಾನ್ಲಿ ಆಸ್ಪತ್ರೆಯ ಬೇರು ಆ ಛತ್ರದಲ್ಲೇ ಇದೆ. ಹೈದರನ ಯುದ್ಧಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಆ ಗಂಜಿಯ ಸಾಲನ್ನೂ ಹೇಳಬೇಕು. ನಕ್ಷೆಯಲ್ಲಿ ಬಣ್ಣ ಹರಡುವುದನ್ನು ತೋರಿಸುವ ಆಟಗಳು ಆ ಸಾಲನ್ನು ತೋರಿಸುವುದಿಲ್ಲ.

1799ರ ಫೆಬ್ರುವರಿಯಲ್ಲಿ ಜನರಲ್ ಜಾರ್ಜ್ ಹ್ಯಾರಿಸ್‌ನ ಸೈನ್ಯ ವೆಲ್ಲೂರಿನಿಂದ ಹೊರಟಿತು. ಶ್ರೀರಂಗಪಟ್ಟಣ ಮುಟ್ಟಿದ್ದು ಏಪ್ರಿಲ್ ಮೊದಲ ವಾರದಲ್ಲಿ. ಎತ್ತು, ಗಾಡಿ, ಅಕ್ಕಿ ಮೂಟೆ, ಫಿರಂಗಿ ಎಲ್ಲವನ್ನೂ ಎಳೆದುಕೊಂಡು ಘಟ್ಟ ಹತ್ತುವುದಕ್ಕೆ ಅಷ್ಟು ಕಾಲ ಬೇಕಾಯಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಆ ಗೆಲುವಿಗಾಗಿ ಹ್ಯಾರಿಸ್‌ಗೆ ಸಿಕ್ಕ ಬ್ಯಾರನ್ ಪದವಿಯಲ್ಲಿ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರೂ ಇದೆ.

ಅವನ ಮೊಮ್ಮಗ, ಮೂರನೆಯ ಬ್ಯಾರನ್ ಹ್ಯಾರಿಸ್, 1854ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. 1856ರ ಜೂನ್ 28ರಂದು ರಾಯಪುರಂ ನಿಲ್ದಾಣವನ್ನು ತೆರೆದದ್ದು ಅವನೇ. ಕೋಟೆಯ ಉತ್ತರಕ್ಕೆ, ಪೇಟೆಯ ಆಚೆ, ಕಡಲಿಗೆ ಹತ್ತಿರದ ಜಾಗ. ಮುಂಭಾಗದಲ್ಲಿ ಗ್ರೀಕ್ ಮಾದರಿಯ ಕಂಬಗಳ ಸಾಲು. ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಅಲ್ಲಿಂದ ಆರ್ಕಾಟಿನ ಕಡೆಗೆ, ಸುಮಾರು 100 ಕಿಲೋಮೀಟರು ದೂರದ ವಾಲಾಜಾ ರೋಡ್‌ವರೆಗೆ ಓಡಿತು. ಮುಂಬೈಯ ಬೋರಿ ಬಂದರ್, ಹೌರಾಗಳ ಮೊದಲ ಕಟ್ಟಡಗಳು ಈಗಿಲ್ಲ; ರಾಯಪುರಂ ಮಾತ್ರ ನಿಂತಿದೆ. ಬಹುಕಾಲ ಪಾಳುಬಿದ್ದಿದ್ದ ಅದನ್ನು 2005ರಲ್ಲಿ ದುರಸ್ತಿ ಮಾಡಿ ಮತ್ತೆ ತೆರೆದರು.

ತಾತ ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ ಎಳೆದದ್ದನ್ನು ಮೊಮ್ಮಗನ ಕಾಲದ ಹಳಿ ದಿನದೊಳಗಿನ ಕೆಲಸ ಮಾಡಿತು. 1862ರ ಹೊತ್ತಿಗೆ ಹಳಿ ಪಶ್ಚಿಮ ಕರಾವಳಿಯ ಬೇಪೂರು ಮುಟ್ಟಿತು. 1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ಕವಲೊಡೆದ ದಾರಿ ಬೆಂಗಳೂರಿಗೆ ಬಂತು. ಬಂದು ನಿಂತದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ, ಬ್ರಿಟಿಷ್ ಸೈನ್ಯದ ಬಾಗಿಲಲ್ಲಿ. 1871ರಲ್ಲಿ ಇನ್ನೊಂದು ದಾರಿ ರಾಯಚೂರಿನಲ್ಲಿ ಮುಂಬೈ ಕಡೆಯ ಹಳಿಯನ್ನು ಕೂಡಿಕೊಂಡಿತು. ಕೃಷ್ಣೆ ತುಂಗಭದ್ರೆಗಳ ನಡುವಿನ ಆ ನೆಲಕ್ಕಾಗಿ ವಿಜಯನಗರದವರೂ ಸುಲ್ತಾನರೂ ತಲೆಮಾರುಗಳ ಕಾಲ ಹೊಡೆದಾಡಿದ್ದರು. 1520ರಲ್ಲಿ ಕೃಷ್ಣದೇವರಾಯ ಗೆದ್ದದ್ದೂ ಅದನ್ನೇ. ಈಗ ಅಲ್ಲಿ ಹಿಡಿತ ಯಾರದೆಂಬುದನ್ನು ಹಳಿ ಹೇಳತೊಡಗಿತು.

ಸ್ಟೆಲ್ಲಾರಿಸ್ ಆಡಿದವರಿಗೆ ‘ಗೇಟ್‌ವೇ’ ಗೊತ್ತಿರುತ್ತದೆ. ದೂರದ ಎರಡು ನಕ್ಷತ್ರಗಳನ್ನು ಒಂದೇ ಜಿಗಿತದಲ್ಲಿ ಕೂಡಿಸುವ ದೊಡ್ಡ ಬಾಗಿಲು ಅದು. ರಾಯಪುರಂ ಅಂಥದ್ದೊಂದು ಬಾಗಿಲು. ಆದರೆ ಆಟದಲ್ಲಿ ಅದರ ಖರ್ಚನ್ನು ಕಟ್ಟಿದವನೇ ಹೊರುತ್ತಾನೆ. ಮದರಾಸು ರೈಲ್ವೆ ಕಂಪನಿಯ ಷೇರುದಾರರು ಇಂಗ್ಲೆಂಡಿನಲ್ಲಿದ್ದರು. ಅವರ ಬಂಡವಾಳಕ್ಕೆ ಶೇ 5ರ ಬಡ್ಡಿಯ ಖಾತರಿ ಇತ್ತು. ರೈಲು ಅಷ್ಟು ಗಳಿಸದಿದ್ದರೆ ಕೊರತೆ ತುಂಬುತ್ತಿದ್ದದ್ದು ಭಾರತದ ಕಂದಾಯ, ಅಂದರೆ ರೈತರ ತೆರಿಗೆ. ಅಗಲದ ಸಾಮ್ರಾಜ್ಯ ಲಾಭದ್ದೋ ನಷ್ಟದ್ದೋ ಎಂಬ ಪ್ರಶ್ನೆಗೆ ಯಾರ ಲಾಭ, ಯಾರ ನಷ್ಟ ಎಂದು ಕೇಳದೆ ಉತ್ತರ ಸಿಗುವುದಿಲ್ಲ.

ಈಗ ಎತ್ತರದ ಆಟಕ್ಕೆ ಬರೋಣ. ನನ್ನ ಮಟ್ಟಿಗೆ ಕನ್ನಡ ನಾಡಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1799ರ ನಂತರದ ಮೈಸೂರು ಸುಮಾರು 29,000 ಚದರ ಮೈಲಿಯ ಸಂಸ್ಥಾನ. ಒಂದಡಿ ನೆಲವನ್ನೂ ಹೊಸದಾಗಿ ಸೇರಿಸಿಕೊಳ್ಳುವಂತಿಲ್ಲ. ಬೇರೆ ರಾಜ್ಯಗಳೊಂದಿಗೆ ತಾನಾಗಿ ಪತ್ರ ವ್ಯವಹಾರ ಮಾಡುವಂತಿಲ್ಲ. ವರ್ಷಕ್ಕೆ 7 ಲಕ್ಷ ವರಾಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ತೆಗೆದುಕೊಂಡು ಅರ್ಧ ಶತಮಾನದ ನಂತರ, 1881ರಲ್ಲಿ, ಒಡೆಯರಿಗೆ ಮರಳಿ ಕೊಟ್ಟರು. ಆಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು, ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲೇ ಇಟ್ಟುಕೊಂಡರು. ಅದು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ.

ಮರಳಿ ಸಿಕ್ಕ ರಾಜ್ಯ ಧಾತು, ಈಶ್ವರ ಸಂವತ್ಸರಗಳ ಬರದಿಂದ ಬಳಲಿ ಹೋಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಬೆಂಗಳೂರಿಗೆ ರೈಲು ಬಂದು ಹದಿಮೂರು ವರ್ಷವಾಗಿದ್ದರೂ ಇಷ್ಟು ಜನ ಸತ್ತರು. ಹಳಿ ಇದ್ದಲ್ಲಿಗೆ ಅಕ್ಕಿ ಬಂತು. ಹಳಿಯಿಂದ ಹಳ್ಳಿಗೆ ಹೋಗಲು ಎತ್ತುಗಳೇ ಉಳಿದಿರಲಿಲ್ಲ, ಕೊಳ್ಳಲು ಜನರ ಕೈಯಲ್ಲಿ ಕಾಸೂ ಇರಲಿಲ್ಲ. ಆ ಬರದಲ್ಲೇ ಕಾಮಗಾರಿಯಾಗಿ ಕೈಗೆತ್ತಿಕೊಂಡ ಬೆಂಗಳೂರು–ಮೈಸೂರು ರೈಲು ದಾರಿ ಸಂಸ್ಥಾನದ ಸ್ವಂತ ಖರ್ಚಿನದು.

ಅಲ್ಲಿಂದ ಮುಂದೆ ಮೈಸೂರು ಮೇಲಕ್ಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. 1909ರಲ್ಲಿ ಆರಂಭವಾದ ಟಾಟಾ ವಿಜ್ಞಾನ ಸಂಸ್ಥೆಗೆ ನೆಲ ಕೊಟ್ಟದ್ದು ಸಂಸ್ಥಾನ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ, 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ. ಸ್ಟೆಲ್ಲಾರಿಸ್‌ನಲ್ಲಿ ಎತ್ತರದ ಆಟ ಆಡುವವರು ಮಾಡುವುದೂ ಇದನ್ನೇ. ಗಡಿ ಬೆಳೆಯದಿದ್ದರೆ ವಿದ್ಯುತ್ತು, ಶಾಲೆ, ಗಣಿ, ಸಂಶೋಧನೆಗಳನ್ನು ಬೆಳೆಸುತ್ತಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಮೈಸೂರಿನ ಎತ್ತರ ಅದು ತಾನಾಗಿ ಆರಿಸಿಕೊಂಡದ್ದಲ್ಲ. ಅಗಲದ ದಾರಿಯನ್ನು ಮುಚ್ಚಲಾಗಿತ್ತು. ಎತ್ತರಕ್ಕೂ ಮೇಲೊಂದು ಮುಚ್ಚಳವಿತ್ತು. ಕನ್ನಂಬಾಡಿ ಕಟ್ಟೆಯ ಕಥೆಯಲ್ಲಿ ಆ ಮುಚ್ಚಳ ಕಾಣುತ್ತದೆ. 1892ರ ಒಪ್ಪಂದದಂತೆ ಕಾವೇರಿಯ ಮೇಲೆ ಹೊಸ ಅಣೆಕಟ್ಟು ಕಟ್ಟಲು ಮೈಸೂರಿಗೆ ಮದರಾಸಿನ ಒಪ್ಪಿಗೆ ಬೇಕಿತ್ತು. 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಮದರಾಸು ಸಣ್ಣ ಪ್ರಮಾಣದ ಕಟ್ಟೆಗಷ್ಟೇ ಒಪ್ಪಿತು. ವಿಶ್ವೇಶ್ವರಯ್ಯನವರು ಮುಂದೆ ಪೂರ್ತಿ ಎತ್ತರಕ್ಕೆ ಏರಿಸಬಹುದಾದ ಅಗಲದ ಪಾಯವನ್ನೇ ಹಾಕಿಸಿದರು. ವ್ಯಾಜ್ಯ 1913ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಯಿತು, ಮದರಾಸಿನ ಮೇಲ್ಮನವಿ ಲಂಡನ್ನಿಗೂ ಹೋಯಿತು, ಕೊನೆಗೆ 1924ರಲ್ಲಿ ಒಪ್ಪಂದವಾಯಿತು. ಕನ್ನಂಬಾಡಿ ಪೂರ್ತಿಯಾದದ್ದು 1932ರಲ್ಲಿ, ಮದರಾಸಿನ ಮೆಟ್ಟೂರು ಅಣೆಕಟ್ಟು 1934ರಲ್ಲಿ.

ಆಟದ ತಯಾರಕರಿಗೆ ಈ ಸಂಬಂಧದ ಸುಳಿವು ಸಿಕ್ಕಿಲ್ಲವೆಂದಲ್ಲ. 2022ರ ಮೇ ತಿಂಗಳಲ್ಲಿ ಸ್ಟೆಲ್ಲಾರಿಸ್‌ಗೆ ಬಂದ ‘ಓವರ್‌ಲಾರ್ಡ್’ ವಿಸ್ತರಣೆಯಲ್ಲಿ ಒಡೆಯ–ಸಾಮಂತರ ನಡುವೆ ಕರಾರು ಬರೆಯಬಹುದು. ಸಾಮಂತ ಎಷ್ಟು ಕಪ್ಪ ಕೊಡಬೇಕು, ಹೊಸ ನಕ್ಷತ್ರ ಹಿಡಿಯಬಹುದೋ ಇಲ್ಲವೋ, ಯಾವ ಯುದ್ಧಕ್ಕೆ ಬರಬೇಕು ಎಂದು ಒಂದೊಂದೇ ಷರತ್ತು ಹಾಕಬಹುದು. ಸಾಮಂತನ ಗ್ರಹದ ಮೇಲೆ ಒಡೆಯ ತನ್ನದೇ ಕಟ್ಟಡಗಳನ್ನೂ ಕಟ್ಟಿಕೊಳ್ಳಬಹುದು. 1799ರ ಒಪ್ಪಂದವನ್ನೂ ಬೆಂಗಳೂರಿನ ದಂಡನ್ನೂ ಬಲ್ಲ ಕನ್ನಡಿಗರಿಗೆ ಆ ಪಟ್ಟಿ ತೀರಾ ಪರಿಚಿತ. ಎತ್ತರದ ಆಟದ ನಿಜವಾದ ರುಚಿ ಇಲ್ಲಿದೆ ಎಂಬುದು ನನ್ನ ಅನಿಸಿಕೆ. ಸ್ವತಂತ್ರವಾಗಿ ಮೂರು ಗ್ರಹ ಬೆಳೆಸುವುದಕ್ಕಿಂತ, ಒಡೆಯನ ಷರತ್ತಿನ ಕೆಳಗೆ ಮೂರು ಗ್ರಹ ಬೆಳೆಸುವುದರಲ್ಲಿ ಹೆಚ್ಚು ಜಾಣತನ ಬೇಕು. ಅಗಲಿಸಿ ಹಾಕಿದ ಪಾಯ ಅಂಥ ಜಾಣತನ.

ಆದರೆ ಸಾಗಣೆಯ ದಾರಿಯನ್ನು ಈ ಆಟ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ. ಸ್ಟೆಲ್ಲಾರಿಸ್‌ನಲ್ಲಿ ಒಂದು ಗ್ರಹದಲ್ಲಿ ಬೆಳೆದ ಆಹಾರ ಸಾಮ್ರಾಜ್ಯದ ಒಂದೇ ಕಣಜಕ್ಕೆ ಬೀಳುತ್ತದೆ. ಆಚೆ ತುದಿಯ ಮಹಾನಗರ ಅದನ್ನು ಆ ಗಳಿಗೆಗೇ ಉಣ್ಣುತ್ತದೆ. ನಡುವೆ ದಾರಿಯೇ ಇಲ್ಲ. ಹಾಗಾಗಿ ಎತ್ತರದ ನಗರ ತನ್ನಷ್ಟಕ್ಕೆ ತಾನು ನಿಂತಿದೆ ಎಂಬ ಭ್ರಮೆ ಹುಟ್ಟುತ್ತದೆ. ಬೆಂಗಳೂರನ್ನು ನೋಡಿ. 1974ರಿಂದ ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುತ್ತಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಅಡಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೇ. ಚೆನ್ನೈ ಇನ್ನೂ ಕಠಿಣವಾದ ಪಾಠ ಕಲಿತಿದೆ. 2019ರ ಬೇಸಿಗೆಯಲ್ಲಿ ಅದರ ಕೆರೆಗಳು ಬತ್ತಿದಾಗ, ಜುಲೈನಲ್ಲಿ ಜೋಲಾರಪೇಟೆಯಿಂದ ವಿಲ್ಲಿವಾಕ್ಕಂಗೆ ನೀರಿನ ರೈಲು ಓಡಿಸಿದರು. 50 ವ್ಯಾಗನ್ನು, ಒಂದು ಸಲಕ್ಕೆ 25 ಲಕ್ಷ ಲೀಟರು. ಅದು ಮೆಟ್ಟೂರಿನ ಕಡೆಯಿಂದ ಕೊಳವೆಯಲ್ಲಿ ಬಂದ ಕಾವೇರಿ ನೀರು. ಸಾಗಿದ್ದು ಹಳೆಯ ಮದರಾಸು ರೈಲ್ವೆಯವರು ಹಾಕಿದ ದಾರಿಯಲ್ಲೇ.

ಇಂಥ ದಾರಿಗಳನ್ನೂ ಒಳಗೆ ಬಿಟ್ಟುಕೊಳ್ಳುವ ಆಟವೊಂದನ್ನು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಯಾರಾದರೂ ಕಟ್ಟಬೇಕೆಂಬುದು ನನ್ನ ಆಸೆ. ಅದರಲ್ಲಿ ಗ್ರಹಗಳನ್ನು ಎಣಿಸಿ ದಂಡ ಹಾಕುವ ನಿಯಮ ಬೇಡ. ಆಜ್ಞೆ ಮುಟ್ಟಲು ತಿಂಗಳು ಹಿಡಿಯಲಿ, ದೂರದ ಅಧಿಕಾರಿ ತನ್ನ ಇಷ್ಟದಂತೆ ಯುದ್ಧ ಮಾಡಿ ಆಮೇಲೆ ಪತ್ರ ಬರೆಯಲಿ. ಆಹಾರವೂ ನೀರೂ ದಾರಿಗುಂಟ ಸಾಗಲಿ. ಆ ದಾರಿ ಪಕ್ಕದ ಅರಸನ ನೆಲದಲ್ಲಿ ಹಾದರೆ ಅವನ ಒಪ್ಪಿಗೆ ಬೇಕಾಗಲಿ. ನದಿಯ ಮೇಲ್ಭಾಗದಲ್ಲಿ ಒಬ್ಬ ಆಟಗಾರ, ಕೆಳಭಾಗದಲ್ಲಿ ಇನ್ನೊಬ್ಬ. ಮಳೆ ಕೈಕೊಟ್ಟ ವರ್ಷ ಇಬ್ಬರೂ ಒಂದೇ ಮೇಜಿಗೆ ಬಂದು ಕೂರಲೇಬೇಕೆಂಬ ನಿಯಮವೂ ಇರಲಿ.